ಚಂಡಮಾರುತಗಳು ಮತ್ತು ಒಳನಾಡಿನ ಬೇಸಾಯ: ಬೇವೂರು, ಯಲಬುರ್ಗಾ ಹಾಗೂ ಸುತ್ತಲಿನ ಪ್ರದೇಶಕ್ಕೆ ಮಾಹಿತಿ ಮತ್ತು ನಿರ್ವಹಣಾ ಕ್ರಮಗಳು

ಪೀಠಿಕೆ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಬೇವೂರಿನಿಂದ ಅರಬ್ಬೀ ಸಮುದ್ರದ ತೀರ 200 ಕಿ.ಮೀ.ಗಿಂತ ದೂರದಲ್ಲಿದೆ, ಬಂಗಾಳ ಕೊಲ್ಲಿಯ ತೀರ 400 ಕಿ.ಮೀ.ಗೂ ಆಚೆಗಿದೆ. ಇಲ್ಲಿಯ ಬಹುಪಾಲು ರೈತರಿಗೆ ಚಂಡಮಾರುತವೆಂದರೆ ದೂರದರ್ಶನದಲ್ಲಿ ಕಾಣುವ ಸುದ್ದಿ. ಮುರಿದ ತೆಂಗಿನ ಮರ, ದಡಕ್ಕೆ ಎಳೆದ ದೋಣಿ, ಮನೆ ತೊರೆದು ಹೊರಟ ಮೀನುಗಾರರ ಕುಟುಂಬ ಇವೆಲ್ಲವೂ ಕರಾವಳಿಯವರ ಸಂಕಟ ಎಂಬ ಭಾವನೆ ಸಹಜವೇ. ಆದರೆ ಕಳೆದ ಎರಡು ದಶಕಗಳಲ್ಲಿ ಈ ಭಾಗದ ಹಿಂಗಾರು ಮತ್ತು ಮುಂಗಾರು ಬೆಳೆಗಳು ಅನುಭವಿಸಿದ ದೊಡ್ಡ ಹಾನಿಗಳಲ್ಲಿ ಕೆಲವು ಸಮುದ್ರದ ಮೇಲೆ ಹುಟ್ಟಿದ ವಾಯುಭಾರ ಕುಸಿತಗಳಿಂದಲೇ ಬಂದವು. ಸಮುದ್ರದ ಗಾಳಿ ಬೇವೂರಿಗೆ ತಲುಪುವುದಿಲ್ಲ. ಅದು ಹೊತ್ತ ನೀರು ತಲುಪುತ್ತದೆ. ಈ ಒಂದು ವ್ಯತ್ಯಾಸವನ್ನು ಅರಿತರೆ ಎಚ್ಚರಿಕೆಯನ್ನು ಓದುವ ಬಗೆಯೂ ಸಿದ್ಧತೆಯ ಬಗೆಯೂ ಬದಲಾಗುತ್ತವೆ.

ಚಂಡಮಾರುತ ಹುಟ್ಟುವ ಬಗೆ, ಅದರ ವಿನಾಶಶಕ್ತಿಯ ಮೂಲ, ಒಳನಾಡಿನ ಮೇಲೆ ಅದರ ಪರಿಣಾಮ ಮತ್ತು ರೈತ ಬಾಂಧವರು ಮಳೆಗೆ ಮುನ್ನ ಹಾಗೂ ಮಳೆಯ ನಂತರ ಕೈಗೊಳ್ಳಬೇಕಾದ ಕ್ರಮಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಚಂಡಮಾರುತ ಎಂದರೇನು?

ಸಮುದ್ರದ ಮೇಲ್ಮೈ ನೀರಿನ ಉಷ್ಣತೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಾದಾಗ ಆವಿಯಾಗುವ ನೀರಿನ ಪ್ರಮಾಣ ಏರುತ್ತದೆ. ಈ ತೇವಭರಿತ ಬಿಸಿಗಾಳಿ ಮೇಲೇರಿ ತಣಿದು ಮೋಡವಾಗುವಾಗ, ಆವಿಯಲ್ಲಿ ಅಡಗಿದ್ದ ಶಾಖ ಬಿಡುಗಡೆಯಾಗುತ್ತದೆ. ಆ ಶಾಖ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಕೆಳಗೆ ಒತ್ತಡ ಕುಸಿಯುತ್ತದೆ. ಸುತ್ತಲಿನ ಗಾಳಿ ಆ ಕಡೆಗೆ ನುಗ್ಗುತ್ತದೆ. ಭೂಮಿಯ ತಿರುಗುವಿಕೆಯ ಕಾರಣದಿಂದ ನುಗ್ಗಿ ಬರುವ ಗಾಳಿ ನೇರವಾಗಿ ಸಾಗದೆ ಸುಳಿಯಾಗಿ ಸುತ್ತುತ್ತದೆ. ನಮ್ಮ ಉತ್ತರಾರ್ಧಗೋಳದಲ್ಲಿ ಈ ಸುಳಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಸಮಭಾಜಕ ವೃತ್ತಕ್ಕೆ ತೀರ ಸಮೀಪದಲ್ಲಿ ತಿರುಗಿಸುವ ಈ ಬಲ ಕ್ಷೀಣವಾಗಿರುವುದರಿಂದ ಅಲ್ಲಿ ಚಂಡಮಾರುತಗಳು ಹುಟ್ಟುವುದು ಅಪರೂಪ.

ಬೆಚ್ಚಗಿನ ಸಮುದ್ರವೇ ಚಂಡಮಾರುತದ ಇಂಧನ. ಆದುದರಿಂದಲೇ ಅದು ನೆಲಕ್ಕೆ ಅಪ್ಪಳಿಸಿದ ಕೂಡಲೇ ಬಲ ಕಳೆದುಕೊಳ್ಳತೊಡಗುತ್ತದೆ. ಆದರೆ ಬಲ ಕಳೆದುಕೊಳ್ಳುವುದು ಗಾಳಿ ಮಾತ್ರ. ಮೋಡಗಳಲ್ಲಿ ಸಂಗ್ರಹವಾದ ತೇವಾಂಶ ಮಳೆಯಾಗಿ ಸುರಿಯಲು ಇನ್ನೂ ಹಲವು ದಿನ ಬೇಕಾಗುತ್ತದೆ.

ಅಟ್ಲಾಂಟಿಕ್ ಸಾಗರದಲ್ಲಿ ‘ಹರಿಕೇನ್’, ಪಶ್ಚಿಮ ಶಾಂತಸಾಗರದಲ್ಲಿ ‘ಟೈಫೂನ್’, ನಮ್ಮಲ್ಲಿ ‘ಸೈಕ್ಲೋನ್’ ಎಂದು ಕರೆಯುವುದು ಒಂದೇ ವಿದ್ಯಮಾನವನ್ನು. 2005ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ ಕತ್ರಿನಾ ಹರಿಕೇನ್ ಮತ್ತು 1999ರ ಅಕ್ಟೋಬರ್‌ನಲ್ಲಿ ಒಡಿಶಾವನ್ನು ಧ್ವಂಸಗೊಳಿಸಿದ ಮಹಾ ಚಂಡಮಾರುತ ಹುಟ್ಟಿನ ಬಗೆಯಲ್ಲಿ ಒಂದೇ ಜಾತಿಯವು.

ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣ

ಗಾಳಿಯ ವೇಗವನ್ನು ಆಧರಿಸಿ ಹವಾಮಾನ ಇಲಾಖೆಯು ಈ ವ್ಯವಸ್ಥೆಗಳನ್ನು ಹೀಗೆ ವಿಂಗಡಿಸುತ್ತದೆ:

• ಕಡಿಮೆ ಒತ್ತಡದ ವಲಯ: ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ
• ವಾಯುಭಾರ ಕುಸಿತ: 31ರಿಂದ 49 ಕಿ.ಮೀ.
• ತೀವ್ರ ವಾಯುಭಾರ ಕುಸಿತ: 50ರಿಂದ 61 ಕಿ.ಮೀ.
• ಚಂಡಮಾರುತ: 62ರಿಂದ 88 ಕಿ.ಮೀ.
• ತೀವ್ರ ಚಂಡಮಾರುತ: 89ರಿಂದ 117 ಕಿ.ಮೀ.
• ಅತಿ ತೀವ್ರ, ಅತ್ಯಂತ ತೀವ್ರ ಮತ್ತು ಮಹಾ ಚಂಡಮಾರುತ: 118 ಕಿ.ಮೀ. ಮತ್ತು ಮೇಲ್ಪಟ್ಟು, ಇವುಗಳಲ್ಲಿ ಗಂಟೆಗೆ 220 ಕಿ.ಮೀ. ಮೀರಿದುದು ಮಹಾ ಚಂಡಮಾರುತ

ವೇಗ 62 ಕಿ.ಮೀ. ತಲುಪಿದಾಗ ಮಾತ್ರ ಹೆಸರಿಡಲಾಗುತ್ತದೆ. ಉತ್ತರ ಹಿಂದೂ ಮಹಾಸಾಗರದಲ್ಲಿ ಹೆಸರಿಡುವ ಪದ್ಧತಿ 2004ರಿಂದ ಜಾರಿಯಲ್ಲಿದೆ. ಇಲ್ಲಿ ಒಳನಾಡಿನ ರೈತರು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಈ ವರ್ಗೀಕರಣ ಗಾಳಿಯ ಲೆಕ್ಕ, ಮಳೆಯ ಲೆಕ್ಕವಲ್ಲ. ಹೆಸರು ಪಡೆಯದ ದುರ್ಬಲ ಕುಸಿತವೂ ನಿಧಾನವಾಗಿ ಚಲಿಸಿದರೆ ಅಥವಾ ಒಂದೆಡೆ ನಿಂತರೆ, ಹೆಸರಾಂತ ಚಂಡಮಾರುತಕ್ಕಿಂತ ಹೆಚ್ಚು ಮಳೆ ಸುರಿಸಬಲ್ಲದು.

ವಿನಾಶದ ಮೂರು ಮುಖಗಳು

1. ಗಾಳಿ: ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಳಿಗಿಂತ 120 ಕಿ.ಮೀ. ವೇಗದ ಗಾಳಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬಲದಿಂದ ಗೋಡೆಯನ್ನೂ ಮರವನ್ನೂ ತಳ್ಳುತ್ತದೆ. 1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪ್ ಬಳಿ ನೆಲಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತದ ಗಾಳಿ ಗಂಟೆಗೆ ಸುಮಾರು 260 ಕಿ.ಮೀ. ವೇಗದಲ್ಲಿತ್ತು.

2. ಸಮುದ್ರದ ಉಬ್ಬರ: ಗಾಳಿಯು ಸಮುದ್ರದ ನೀರನ್ನು ದಡದತ್ತ ನೂಕುವುದರಿಂದ ಅಲೆಗಳಷ್ಟೇ ಅಲ್ಲ, ಸಮುದ್ರದ ಮಟ್ಟವೇ ಹಲವು ಮೀಟರ್ ಏರಿ ಊರೊಳಗೆ ನುಗ್ಗುತ್ತದೆ. ಕರಾವಳಿಯ ಪ್ರಾಣಹಾನಿಗೆ ಅತಿ ದೊಡ್ಡ ಕಾರಣ ಇದೇ. 1977ರ ನವೆಂಬರ್ 19ರಂದು ಆಂಧ್ರದ ಕೃಷ್ಣಾ ಮುಖಜಭೂಮಿಯ ದಿವಿಸೀಮೆಯಲ್ಲಿ ಉಬ್ಬರಕ್ಕೆ ಸಿಲುಕಿ ಸಾವಿರಾರು ಜನ ಒಂದೇ ದಿನದಲ್ಲಿ ಪ್ರಾಣ ಕಳೆದುಕೊಂಡರು. 1970ರ ನವೆಂಬರ್‌ನಲ್ಲಿ ಇಂದಿನ ಬಾಂಗ್ಲಾದೇಶದ ತೀರದಲ್ಲಿ ಸತ್ತವರ ಸಂಖ್ಯೆ ಮೂರು ಲಕ್ಷ ಮುಟ್ಟಿತೆಂದು ಅಂದಾಜು. ಉಬ್ಬರ ಇಳಿದ ಮೇಲೂ ಉಪ್ಪು ನೀರು ನಿಂತ ಗದ್ದೆಗಳು ಸುಧಾರಿಸಲು ಹಲವು ಹಂಗಾಮು ಬೇಕಾಗುತ್ತವೆ.

3. ಮಳೆ ಮತ್ತು ಪ್ರವಾಹ: ಒಳನಾಡಿಗೆ ತಲುಪುವ ಮುಖ ಇದು. 100 ಮಿ.ಮೀ. ಮಳೆ ಎಂದರೆ ಒಂದು ಎಕರೆಯ ಮೇಲೆ ಸುಮಾರು 4 ಲಕ್ಷ ಲೀಟರ್ ನೀರು. ನೂರು ಎಕರೆಯ ಇಳಿಜಾರಿನಿಂದ ಹಳ್ಳಕ್ಕೆ ಒಂದೇ ರಾತ್ರಿ 4 ಕೋಟಿ ಲೀಟರ್ ನೀರು ಬಂದರೆ ಏನಾದೀತೆಂದು ಊಹಿಸಬಹುದು.

ಮುನ್ನೆಚ್ಚರಿಕೆ ಈ ವಿನಾಶವನ್ನು ಎಷ್ಟರಮಟ್ಟಿಗೆ ತಗ್ಗಿಸಬಲ್ಲದೆಂಬುದಕ್ಕೆ ಒಡಿಶಾವೇ ಸಾಕ್ಷಿ. 1999ರಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. 2013ರ ಅಕ್ಟೋಬರ್ 12ರಂದು ಗೋಪಾಲಪುರದ ಬಳಿ ಫೈಲಿನ್ ಚಂಡಮಾರುತ ಅಪ್ಪಳಿಸಿದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಸಾವಿನ ಸಂಖ್ಯೆ ಹತ್ತುಗಳ ಲೆಕ್ಕದಲ್ಲೇ ನಿಂತಿತು. ಚಂಡಮಾರುತದ ಬಲವನ್ನು ತಡೆಯಲು ಆಗದಿದ್ದರೂ ಅದರ ದಾರಿಯಿಂದ ಸರಿಯಲು ಆಗುತ್ತದೆ. ಬೆಳೆಗೂ ಇದೇ ಮಾತು ಒಂದು ಮಿತಿಯಲ್ಲಿ ಅನ್ವಯಿಸುತ್ತದೆ.

ಒಳನಾಡಿಗೆ ತಲುಪುವ ಬಗೆ

ನಮ್ಮ ಎರಡು ಸಮುದ್ರಗಳಲ್ಲಿ ಚಂಡಮಾರುತಗಳಿಗೆ ಎರಡು ಕಾಲ: ಮುಂಗಾರಿಗೆ ಮುನ್ನ ಏಪ್ರಿಲ್‌ನಿಂದ ಜೂನ್ ಮತ್ತು ಮುಂಗಾರಿನ ನಂತರ ಅಕ್ಟೋಬರ್‌ನಿಂದ ಡಿಸೆಂಬರ್. ಬಂಗಾಳ ಕೊಲ್ಲಿಯಲ್ಲಿ ಹುಟ್ಟುವ ಚಂಡಮಾರುತಗಳ ಸಂಖ್ಯೆ ಅರಬ್ಬೀ ಸಮುದ್ರಕ್ಕಿಂತ ಬಹಳ ಹೆಚ್ಚು. ಇತ್ತೀಚೆಗೆ ಅರಬ್ಬೀ ಸಮುದ್ರವೂ ಬೆಚ್ಚಗಾಗುತ್ತಿದೆ. 2019ರ ಒಂದೇ ವರ್ಷ ಅಲ್ಲಿ ಐದು ಚಂಡಮಾರುತಗಳು ಹುಟ್ಟಿದವು.

ಕೊಪ್ಪಳ ಜಿಲ್ಲೆಗೆ ಹೆಚ್ಚು ಸಂಬಂಧಿಸಿದ್ದು ಬಂಗಾಳ ಕೊಲ್ಲಿಯೇ. ಪಶ್ಚಿಮದಲ್ಲಿ ಎತ್ತರದ ಸಹ್ಯಾದ್ರಿ ಸಾಲು ಅಡ್ಡ ನಿಂತಿದೆ. ಅರಬ್ಬೀ ಸಮುದ್ರದ ಚಂಡಮಾರುತಗಳು ಬಹುಪಾಲು ತೀರಕ್ಕೆ ಸಮಾಂತರವಾಗಿ ಉತ್ತರಕ್ಕೆ ಸಾಗುತ್ತವೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಕಾಡಿ ಗುಜರಾತಿನಲ್ಲಿ ನೆಲ ಮುಟ್ಟಿತು. ಪೂರ್ವದಲ್ಲಿ ಅಂತಹ ಗಟ್ಟಿ ತಡೆ ಇಲ್ಲ. ಪೂರ್ವಘಟ್ಟಗಳು ಅಲ್ಲಲ್ಲಿ ತುಂಡಾದ ಬೆಟ್ಟಗಳು. ಆಂಧ್ರ ಅಥವಾ ತಮಿಳುನಾಡಿನ ತೀರ ದಾಟಿದ ವಾಯುಭಾರ ಕುಸಿತ ರಾಯಲಸೀಮೆಯ ಮೇಲೆ ಹಾದು ಬಳ್ಳಾರಿ, ರಾಯಚೂರು, ಕೊಪ್ಪಳದ ಬಯಲಿಗೆ ಬಂದಾಗ ಗಾಳಿ ಕ್ಷೀಣಿಸಿರುತ್ತದೆ. ಮಳೆ ಮಾತ್ರ ಉಳಿದಿರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈ ಕಾಲ ಇಲ್ಲಿ ಹಿಂಗಾರಿ ಜೋಳ, ಕಡಲೆಗಳು ಮೊಳೆಯುವ, ತೊಗರಿ ಹೂ ಬಿಡುವ, ಹತ್ತಿ ಬಿಡಿಸುವ, ಮೆಕ್ಕೆಜೋಳ ಮುರಿಯುವ ಮತ್ತು ಗಂಗಾವತಿ ಸೀಮೆಯಲ್ಲಿ ಭತ್ತ ಕೊಯ್ಯುವ ಕಾಲವಾಗಿದೆ.

ನೆನಪಿಡಬೇಕಾದ ಮೂರು ವರ್ಷಗಳು

2009: ಆ ವರ್ಷದ ಮುಂಗಾರು ದೇಶದಾದ್ಯಂತ ಶೇ. 20ಕ್ಕೂ ಹೆಚ್ಚು ಕೊರತೆ ಕಂಡಿತ್ತು. ಸೆಪ್ಟೆಂಬರ್ ಕೊನೆಯ ವಾರದವರೆಗೂ ಮಳೆಗಾಗಿ ಕಾದಿದ್ದ ಉತ್ತರ ಕರ್ನಾಟಕದ ಮೇಲೆ, ಬಂಗಾಳ ಕೊಲ್ಲಿಯಲ್ಲಿ ಉಂಟಾಗಿ ಒಳನಾಡಿಗೆ ಸರಿದ ಕಡಿಮೆ ಒತ್ತಡದ ವ್ಯವಸ್ಥೆಯು ಸೆಪ್ಟೆಂಬರ್ ಅಂತ್ಯ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ಎಡೆಬಿಡದೆ ಮಳೆ ಸುರಿಸಿತು. ಕೊಪ್ಪಳ, ರಾಯಚೂರು, ಬಾಗಲಕೋಟೆ, ವಿಜಯಪುರ, ಗದಗ, ಬಳ್ಳಾರಿ ಜಿಲ್ಲೆಗಳು ನೆರೆಗೆ ಸಿಲುಕಿದವು. ತುಂಗಭದ್ರೆ ಉಕ್ಕಿ ಮಂತ್ರಾಲಯ ಜಲಾವೃತವಾಯಿತು. ಅಕ್ಟೋಬರ್ 2ರಂದು ಕರ್ನೂಲು ನಗರ ಮುಳುಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮೃತಪಟ್ಟರು. ಅವರಲ್ಲಿ ಅನೇಕರು ಹೊಳೆಯಲ್ಲಿ ಕೊಚ್ಚಿ ಹೋದವರಲ್ಲ. ನೆನೆದು ಭಾರವಾದ ಮಣ್ಣಿನ ಮಾಳಿಗೆ ಮತ್ತು ಗೋಡೆ ಕುಸಿದು ರಾತ್ರಿ ಮಲಗಿದಲ್ಲಿಯೇ ಸತ್ತವರು. ಮನೆ ಕಳೆದುಕೊಂಡ ಗ್ರಾಮಗಳಿಗಾಗಿ ಸರ್ಕಾರವು ‘ಆಸರೆ’ ಯೋಜನೆಯಡಿ ಹೊಸ ಬಡಾವಣೆಗಳನ್ನು ನಿರ್ಮಿಸಬೇಕಾಯಿತು. ಇಷ್ಟು ಹಾನಿ ಮಾಡಿದ ಆ ವ್ಯವಸ್ಥೆಗೆ ಯಾವ ಹೆಸರೂ ಇರಲಿಲ್ಲ. ಅದು ಚಂಡಮಾರುತದ ಮಟ್ಟವನ್ನೇ ತಲುಪಿರಲಿಲ್ಲ.

2021: ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಎರಡು ವಾಯುಭಾರ ಕುಸಿತಗಳು ಒಂದರ ಹಿಂದೆ ಒಂದರಂತೆ ಚೆನ್ನೈ ಸಮೀಪ ತೀರ ದಾಟಿದವು. ಕರ್ನಾಟಕದ ಬಹುಭಾಗದಲ್ಲಿ ನವೆಂಬರ್ ವಾಡಿಕೆಗಿಂತ ಬಹಳ ಹೆಚ್ಚು ಮಳೆಯಾಯಿತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕೊಯ್ಲಿಗೆ ಬಂದ ಭತ್ತ ಚಾಪೆ ಹಾಸಿದಂತೆ ಮಲಗಿ, ತೆನೆಯಲ್ಲಿಯೇ ಮೊಳಕೆಯೊಡೆಯಿತು. ಈ ಕುಸಿತಗಳಿಗೂ ಹೆಸರಿರಲಿಲ್ಲ.

2023: ಇದು ತದ್ವಿರುದ್ಧ ಪಾಠ. ಜೂನ್ ಮೊದಲ ವಾರ ಅರಬ್ಬೀ ಸಮುದ್ರದಲ್ಲಿ ಹುಟ್ಟಿದ ಬಿಪರ್‌ಜಾಯ್ ಚಂಡಮಾರುತ ಜೂನ್ 15ರಂದು ಗುಜರಾತ್ ತೀರ ಮುಟ್ಟುವವರೆಗೆ ಸಮುದ್ರದ ಮೇಲೆಯೇ ಉಳಿಯಿತು. ಮುಂಗಾರು ಜೂನ್ 8ರಂದು ಕೇರಳ ತಲುಪಿತಾದರೂ ತೇವಾಂಶವನ್ನು ಚಂಡಮಾರುತ ತನ್ನತ್ತ ಸೆಳೆದುಕೊಂಡಿದ್ದರಿಂದ ಒಳನಾಡಿಗೆ ಅದರ ಮುನ್ನಡೆ ನಿಧಾನವಾಯಿತು. ಹೆಸರು, ಮುಂಗಾರು ಜೋಳ, ಸಜ್ಜೆಯ ಬಿತ್ತನೆಗೆ ಹದ ಸಿಗಲಿಲ್ಲ. ಆ ವರ್ಷ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಬರಕ್ಕೆ ಕಾರಣಗಳು ಹಲವು; ಆದರೆ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ ಎಂದಾಕ್ಷಣ ನಮಗೆ ಮಳೆ ಬಂದೇ ಬರುತ್ತದೆಂದು ಒಣಬಿತ್ತನೆಗೆ ಇಳಿಯುವುದು ಸರಿಯಲ್ಲವೆಂದು ಆ ಜೂನ್ ತೋರಿಸಿತು.

ಮಣ್ಣಿನ ಮೇಲೆ ಪರಿಣಾಮ

ಬೇವೂರು ಮತ್ತು ಯಲಬುರ್ಗಾ, ಕುಷ್ಟಗಿ ಭಾಗಗಳು ಉತ್ತರ ಒಣ ವಲಯಕ್ಕೆ ಸೇರಿವೆ. ಇಲ್ಲಿ ಎರೆ ಮತ್ತು ಮಸಾರಿ ಎರಡೂ ಬಗೆಯ ಭೂಮಿಯಿದ್ದು, ಒಂದೇ ಮಳೆಗೆ ಇವು ಬೇರೆ ಬೇರೆ ರೀತಿ ಸ್ಪಂದಿಸುತ್ತವೆ.

ಎರೆ ಭೂಮಿ ಒಣಗಿದಾಗ ಬಿರಿಯುತ್ತದೆ. ಮೊದಲ ಮಳೆ ಬಿರುಕುಗಳ ಮೂಲಕ ಬೇಗ ಇಳಿಯುತ್ತದೆ. ನೆನೆದ ಜೇಡಿ ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಂಗುವುದು ತೀರ ನಿಧಾನವಾಗುತ್ತದೆ. ಆ ಬಳಿಕ ಬೀಳುವ ಮಳೆಯೆಲ್ಲ ಹರಿದು ಹೋಗುತ್ತದೆ ಅಥವಾ ನಿಲ್ಲುತ್ತದೆ. ನೀರು ನಿಂತಾಗ ಬೇರಿಗೆ ಆಮ್ಲಜನಕ ದೊರೆಯದು. ಕಡಲೆ, ತೊಗರಿ, ಹತ್ತಿಯಂತಹ ಬೆಳೆಗಳು ಎರಡು ಮೂರು ದಿನಗಳಲ್ಲಿಯೇ ಹಳದಿಯಾಗಿ ಬಾಡುತ್ತವೆ. ಮಳೆ ನಿಂತ ಮೇಲೂ ಹಲವು ದಿನ ಹೊಲದೊಳಗೆ ಕಾಲಿಡಲು ಆಗುವುದಿಲ್ಲ.

ಮಸಾರಿ ಭೂಮಿಯಲ್ಲಿ ನೀರು ಬೇಗ ಬಸಿಯುತ್ತದೆ. ಆದರೆ ಬಿರುಸಿನ ಹನಿಗಳು ಮೇಲ್ಮಣ್ಣನ್ನು ಒಡೆದು ಕೊಚ್ಚಿಕೊಂಡು ಹೋಗುತ್ತವೆ; ಬಿಸಿಲು ಬಿದ್ದ ಮೇಲೆ ಮೇಲ್ಪದರ ಹೆಪ್ಪುಗಟ್ಟಿ ಮೊಳಕೆ ಹೊರಬರಲಾಗದೆ ಸಾಯುತ್ತದೆ. ಕೊಚ್ಚಿಹೋದ ಬೆಳೆಯನ್ನು ಮುಂದಿನ ಹಂಗಾಮಿನಲ್ಲಿ ಮತ್ತೆ ಬೆಳೆಯಬಹುದು. ಕೊಚ್ಚಿಹೋದ ಒಂದು ಅಂಗುಲ ಮೇಲ್ಮಣ್ಣು ನಮ್ಮ ಜೀವಮಾನದಲ್ಲಿ ಮರಳಿ ಬಾರದು. 2009ರ ನಂತರದಲ್ಲಿ ಬದು ಭದ್ರವಿದ್ದ ಹೊಲಗಳಿಗೂ ಬದು ಒಡೆದ ಹೊಲಗಳಿಗೂ ಇಳುವರಿಯಲ್ಲಿ ಕಂಡ ಅಂತರವನ್ನು ಹಿರಿಯ ರೈತರು ಈಗಲೂ ನೆನೆಯುತ್ತಾರೆ.

ಎಚ್ಚರಿಕೆಯನ್ನು ಓದುವ ಬಗೆ

ಹವಾಮಾನ ಇಲಾಖೆಯು ನಾಲ್ಕು ಹಂತಗಳಲ್ಲಿ ಎಚ್ಚರಿಕೆ ನೀಡುತ್ತದೆ: 72 ಗಂಟೆ ಮೊದಲು ಪೂರ್ವಸೂಚನೆ, 48 ಗಂಟೆ ಮೊದಲು ಜಾಗೃತಿ ಸೂಚನೆ, 24 ಗಂಟೆ ಮೊದಲು ಎಚ್ಚರಿಕೆ, ಮತ್ತು ತೀರ ಮುಟ್ಟುವ ಸುಮಾರು 12 ಗಂಟೆ ಮೊದಲು ‘ನೆಲ ಮುಟ್ಟಿದ ನಂತರದ ಮುನ್ನೋಟ’. ಮೊದಲ ಮೂರು ಮುಖ್ಯವಾಗಿ ಕರಾವಳಿಗೆ ಸಂಬಂಧಿಸಿದವು. ನಾಲ್ಕನೆಯದು ನಮ್ಮದು. ಕುಸಿತ ಯಾವ ದಿಕ್ಕಿಗೆ ಸಾಗಲಿದೆ, ಯಾವ ಒಳನಾಡು ಜಿಲ್ಲೆಗಳಲ್ಲಿ ಎಷ್ಟು ಮಳೆಯಾಗಬಹುದು ಎಂಬುದು ಅದರಲ್ಲಿರುತ್ತದೆ. ‘ಚಂಡಮಾರುತ ದುರ್ಬಲಗೊಂಡಿದೆ’ ಎಂಬ ಸುದ್ದಿ ಕೇಳಿ ನಿಶ್ಚಿಂತರಾಗದೆ, ಅದು ಎತ್ತ ಸಾಗುತ್ತಿದೆ ಎಂಬುದನ್ನು ವಿಚಾರಿಸಬೇಕು.

ಮುನ್ಸೂಚನೆಯಲ್ಲಿ ಬಳಸುವ ಪದಗಳಿಗೆ ನಿರ್ದಿಷ್ಟ ಅರ್ಥವಿದೆ. 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಮಳೆಯಾದರೆ ‘ಭಾರಿ’, 115.6ರಿಂದ 204.4 ಮಿ.ಮೀ. ಆದರೆ ‘ಅತಿ ಭಾರಿ’, ಅದಕ್ಕೂ ಮೀರಿದರೆ ‘ಅತ್ಯಂತ ಭಾರಿ’. ಹಳದಿ ಬಣ್ಣ ಗಮನಿಸುತ್ತಿರಿ ಎಂದೂ, ಕಿತ್ತಳೆ ಸಿದ್ಧರಾಗಿ ಎಂದೂ, ಕೆಂಪು ಕೂಡಲೇ ಕ್ರಮ ಕೈಗೊಳ್ಳಿ ಎಂದೂ ಸೂಚಿಸುತ್ತದೆ.

ಗ್ರಾಮ ಪಂಚಾಯಿತಿ ಮಟ್ಟದ ಮಳೆ ಮಾಹಿತಿ ಮತ್ತು ಮುನ್ಸೂಚನೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಯನ್ನು (92433 45433), ಬೆಳೆ ಸಲಹೆಗೆ ಕಿಸಾನ್ ಕರೆ ಕೇಂದ್ರವನ್ನು (1800-180-1551) ಸಂಪರ್ಕಿಸಬಹುದು. ‘ಮೇಘದೂತ’ ಆ್ಯಪ್‌ನಲ್ಲಿ ಹವಾಮಾನ ಆಧಾರಿತ ಕೃಷಿ ಸಲಹೆಯೂ ‘ದಾಮಿನಿ’ ಆ್ಯಪ್‌ನಲ್ಲಿ ಸಿಡಿಲಿನ ಮುನ್ಸೂಚನೆಯೂ ದೊರೆಯುತ್ತವೆ. ಚಿತ್ತಾ, ಸ್ವಾತಿ, ವಿಶಾಖ ಮಳೆಗಳ ಲೆಕ್ಕದಲ್ಲಿ ಬೇಸಾಯ ಮಾಡುವ ನಮ್ಮ ರೈತರು ಆ ಲೆಕ್ಕವನ್ನು ಬಿಡಬೇಕಾಗಿಲ್ಲ. ಈ ಮಾಹಿತಿಯನ್ನು ಅದರ ಜೊತೆಗೆ ಸೇರಿಸಿಕೊಳ್ಳಬೇಕು.

ಮಳೆಗೆ ಮುನ್ನ ಕೈಗೊಳ್ಳಬೇಕಾದ ಕ್ರಮಗಳು

• ಪೂರ್ಣ ಮಾಗಿದ ಬೆಳೆಯನ್ನು ಮುನ್ಸೂಚನೆ ಬಂದ ಕೂಡಲೇ ಕೊಯ್ದು ಸುರಕ್ಷಿತ ಸ್ಥಳಕ್ಕೆ ಸಾಗಿಸಬೇಕು. ಸಾಗಿಸಲು ಸಾಧ್ಯವಿಲ್ಲದಿದ್ದಲ್ಲಿ ಕೊಯ್ಲನ್ನು ಮುಂದೂಡುವುದೇ ಲೇಸು. ಕೊಯ್ದು ಹೊಲದಲ್ಲಿ ಹರಡಿದ ಬೆಳೆ ನಿಂತ ಬೆಳೆಗಿಂತ ಹೆಚ್ಚು ಹಾಳಾಗುತ್ತದೆ.
• ಕಣದಲ್ಲಿರುವ ರಾಶಿಯನ್ನು ಎತ್ತರದ ಜಾಗದಲ್ಲಿ ಕೂಡಿಸಿ ತಾಡಪತ್ರಿಯಿಂದ ಮುಚ್ಚಿ, ಅಂಚುಗಳ ಮೇಲೆ ಭಾರವಿಟ್ಟು, ಸುತ್ತ ಕಾಲುವೆ ತೆಗೆಯಬೇಕು.
• ಹೊಲದ ತಗ್ಗಿನ ಮೂಲೆಯಿಂದ ನೀರು ಹೊರಹೋಗಲು ಬಸಿಗಾಲುವೆ ತೆಗೆದು, ಬದುವಿನ ಕೋಡಿಯನ್ನು ಕಲ್ಲು ಜೋಡಿಸಿ ಭದ್ರಪಡಿಸಬೇಕು. ಕೋಡಿ ಇಲ್ಲದ ಬದು ಭಾರಿ ಮಳೆಯಲ್ಲಿ ಒಡೆದೇ ಒಡೆಯುತ್ತದೆ.
• ಮಳೆಯ ಮುನ್ಸೂಚನೆ ಇರುವಾಗ ನೀರಾವರಿ, ಮೇಲುಗೊಬ್ಬರ ಮತ್ತು ಸಿಂಪರಣೆಯನ್ನು ನಿಲ್ಲಿಸಬೇಕು.
• ಕಡಲೆ, ಜೋಳದ ಬಿತ್ತನೆಯನ್ನು ಭಾರಿ ಮಳೆಯ ಹಿಂದಿನ ದಿನಗಳಲ್ಲಿ ಮಾಡಬಾರದು. ನಾಲ್ಕಾರು ದಿನ ತಡವಾದರೂ ಹದ ನೋಡಿ ಬಿತ್ತುವುದು ಮರುಬಿತ್ತನೆಯ ವೆಚ್ಚಕ್ಕಿಂತ ಮೇಲು.
• ಹಳ್ಳದ ದಂಡೆಯಲ್ಲಿರುವ ಪಂಪ್‌ಸೆಟ್, ಪೈಪು, ಗೊಬ್ಬರದ ಚೀಲಗಳನ್ನು ಎತ್ತರಕ್ಕೆ ಸಾಗಿಸಬೇಕು.

ಮಳೆಯ ನಂತರ ಬೆಳೆವಾರು ನಿರ್ವಹಣೆ

ಭತ್ತ: ಗದ್ದೆಯ ನೀರನ್ನು ಮೊದಲು ಬಸಿಯಬೇಕು. ಮಲಗಿದ ಪೈರನ್ನು ನಾಲ್ಕೈದು ಬುಡ ಸೇರಿಸಿ ಎತ್ತಿ ಕಟ್ಟುವುದರಿಂದ ತೆನೆ ನೀರಿನಿಂದ ಮೇಲೆ ಉಳಿಯುತ್ತದೆ. ಮಾಗಿದ ತೆನೆ ಮೊಳಕೆಯೊಡೆಯದಂತೆ ಶೇ. 5ರ ಉಪ್ಪಿನ ದ್ರಾವಣವನ್ನು, ಅಂದರೆ ಪ್ರತಿ ಲೀಟರ್ ನೀರಿಗೆ 50 ಗ್ರಾಂ ಅಡುಗೆ ಉಪ್ಪನ್ನು ಬೆರೆಸಿ, ತೆನೆಗಳ ಮೇಲೆ ಸಿಂಪಡಿಸಬೇಕು. ಒಕ್ಕಿದ ಕಾಳನ್ನು ತೇವಾಂಶ ಶೇ. 14ಕ್ಕೆ ಇಳಿಯುವವರೆಗೆ ತೆಳುವಾಗಿ ಹರಡಿ ಒಣಗಿಸಬೇಕು.

ಕಡಲೆ: ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಸಸಿಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆ ಉಳಿದಿದ್ದು, ನವೆಂಬರ್ ಮೊದಲ ಪಕ್ಷ ಮೀರಿರದಿದ್ದರೆ ಮರುಬಿತ್ತನೆ ಲಾಭದಾಯಕ. ಬಿತ್ತನೆಗೆ ಮುನ್ನ ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡಬೇಕು. ಹದ ಬಂದ ಮೇಲೆ ಎಡೆ ಹೊಡೆದು ಮೇಲ್ಪದರ ಸಡಿಲಿಸಬೇಕು.

ತೊಗರಿ: ಮೋಡ ಕವಿದ ವಾತಾವರಣದಲ್ಲಿ ಹೂ ಉದುರುವಿಕೆ ಮತ್ತು ಕಾಯಿಕೊರಕದ ಬಾಧೆ ಒಟ್ಟಿಗೆ ಹೆಚ್ಚುತ್ತವೆ. ಎಕರೆಗೆ 4ರಿಂದ 5 ಮೋಹಕ ಬಲೆಗಳನ್ನು ಇಡಬೇಕು. ಗಿಡವನ್ನು ಬಗ್ಗಿಸಿ ಅಲುಗಿಸಿ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಉದುರಿದ ಹುಳುಗಳನ್ನು ನಾಶಪಡಿಸುವುದು ಖರ್ಚಿಲ್ಲದ ಕ್ರಮ. ಬಾಧೆ ಮಿತಿಮೀರಿದರೆ ಪ್ರತಿ ಲೀಟರ್ ನೀರಿಗೆ 0.2 ಗ್ರಾಂ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್.ಜಿ. ಬೆರೆಸಿ ಸಿಂಪಡಿಸಬೇಕು.

ಹತ್ತಿ: ನೀರು ನಿಂತು ಬಿಸಿಲು ಬಿದ್ದಾಗ ಗಿಡಗಳು ಇದ್ದಕ್ಕಿದ್ದಂತೆ ಬಾಡುತ್ತವೆ. ನೀರು ಬಸಿದು, ಪ್ರತಿ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಸುರಿಯಬೇಕು. 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟನ್ನು ಲೀಟರ್ ನೀರಿನಲ್ಲಿ ಕರಗಿಸಿ ಎಲೆಗಳ ಮೇಲೆ ಸಿಂಪಡಿಸಬೇಕು. ಒದ್ದೆ ಅರಳೆಯನ್ನು ಒಣ ಅರಳೆಯೊಡನೆ ಬೆರೆಸಬಾರದು.

ಈರುಳ್ಳಿ (ಉಳ್ಳಾಗಡ್ಡಿ): ನೇರಳೆ ಮಚ್ಚೆ ರೋಗ ಶೀಘ್ರವಾಗಿ ಹರಡುತ್ತದೆ. ಮಳೆ ಬಿಡುವು ಕೊಟ್ಟ ಕೂಡಲೇ ಪ್ರತಿ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬನ್ನು ಅಂಟು ದ್ರಾವಣದೊಂದಿಗೆ ಬೆರೆಸಿ ಸಿಂಪಡಿಸಬೇಕು. ಕಿತ್ತ ಗಡ್ಡೆಗಳನ್ನು ನೆರಳಿನಲ್ಲಿ, ಗಾಳಿಯಾಡುವಂತೆ ಒಣಗಿಸಬೇಕು.

ಮೆಕ್ಕೆಜೋಳ ಮತ್ತು ಶೇಂಗಾ: ಒದ್ದೆ ಕಾಳಿನಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ತೊಳೆದರೂ ಬೇಯಿಸಿದರೂ ಇದು ಹೋಗದು. ಬೂಷ್ಟು ಹಿಡಿದ ಕಾಳನ್ನು ದನಕರು, ಕೋಳಿಗಳಿಗೂ ಹಾಕಬಾರದು.

ದಾಳಿಂಬೆ: ಮಳೆಯ ಹನಿಗಳ ಮೂಲಕ ದುಂಡಾಣು ಅಂಗಮಾರಿ ಗಿಡದಿಂದ ಗಿಡಕ್ಕೆ ಹರಡುತ್ತದೆ. ರೋಗ ತಗುಲಿದ ಕಾಯಿ, ಎಲೆ, ಕಡ್ಡಿಗಳನ್ನು ಆರಿಸಿ ಸುಡಬೇಕು. ತೋಟದ ಒಂದು ಬದಿಯಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಗಳನ್ನು ಶುದ್ಧಗೊಳಿಸಬೇಕು. ತಾಮ್ರಯುಕ್ತ ಶಿಲೀಂಧ್ರನಾಶಕವನ್ನು ತಜ್ಞರ ಸಲಹೆಯಂತೆ ಸಿಂಪಡಿಸಬೇಕು.

ಸಾಮಾನ್ಯ ಕ್ರಮ: ನೀರು ಬಸಿದ ಮೇಲೂ ಹಳದಿಯಾಗಿ ಉಳಿದ ಬೆಳೆಗಳಿಗೆ ಪ್ರತಿ ಲೀಟರ್ ನೀರಿಗೆ 5 ಗ್ರಾಂ 19:19:19 ನೀರಿನಲ್ಲಿ ಕರಗುವ ಗೊಬ್ಬರವನ್ನು ಎಲೆಗಳ ಮೂಲಕ ಕೊಡಬಹುದು. ಹಸಿ ನೆಲದಲ್ಲಿ ಟ್ರ್ಯಾಕ್ಟರ್ ಇಳಿಸಬಾರದು. ಎರೆ ಮಣ್ಣು ಅದುಮಿದರೆ ಮುಂದಿನ ಹಂಗಾಮಿನವರೆಗೂ ಅದರ ದುಷ್ಪರಿಣಾಮ ಉಳಿಯುತ್ತದೆ.

ಜನ ಮತ್ತು ಜಾನುವಾರುಗಳ ಸುರಕ್ಷತೆ

ಬೆಳೆಯ ಮಾತಿಗಿಂತ ಇದು ಮೊದಲಿನದು. ಎರಡು ಮೂರು ದಿನ ಜಡಿಮಳೆ ಹಿಡಿದಾಗ ಹಳೆಯ ಮಣ್ಣಿನ ಮಾಳಿಗೆಯ ಕೆಳಗೆ ಯಾರೂ ಮಲಗಬಾರದು. ಮಾಳಿಗೆಯಿಂದ ಮಣ್ಣು ಉದುರುವುದು, ತೊಲೆ ಕಿರುಗುಟ್ಟುವುದು, ಗೋಡೆಯ ಬುಡ ಉಬ್ಬುವುದು ಕುಸಿತದ ಮುನ್ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ, ನಡುರಾತ್ರಿಯಾಗಿದ್ದರೂ, ಶಾಲೆ ಅಥವಾ ಸಮುದಾಯ ಭವನಕ್ಕೆ ತೆರಳಬೇಕು. ವೃದ್ಧರು ಮತ್ತು ಮಕ್ಕಳನ್ನು ಮೊದಲು ಸಾಗಿಸಬೇಕು.

ತುಂಬಿದ ಹಳ್ಳವನ್ನು ದಾಟುವ ಸಾಹಸ ಬೇಡ. ಮೊಣಕಾಲುದ್ದದ ಹರಿವ ನೀರು ಬಲಿಷ್ಠನನ್ನೂ ಕೆಡವಬಲ್ಲದು. ಹಳ್ಳದ ಕೆಳಮಟ್ಟದ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಕೆಳಗಿನ ರಸ್ತೆ ಉಳಿದಿದೆಯೋ ಇಲ್ಲವೋ ಕಾಣುವುದಿಲ್ಲ. ತುಂಗಭದ್ರಾ ಜಲಾಶಯದಿಂದ ನೀರು ಬಿಡುವ ಸೂಚನೆ ಇದ್ದಾಗ ಗಂಗಾವತಿ ಭಾಗದ ನದಿಪಾತ್ರದ ರೈತರು ಪಂಪ್‌ಸೆಟ್ ತರಲೆಂದು ನದಿಗೆ ಇಳಿಯಬಾರದು.

ಸಿಡಿಲಿನ ಸಮಯದಲ್ಲಿ ಒಂಟಿ ಮರದ ಕೆಳಗೆ ನಿಲ್ಲಬಾರದು. ಕುರಿಗಾರರು ಹಿಂಡನ್ನು ಹಳ್ಳದ ಪಾತ್ರದಲ್ಲಿ ತಂಗಿಸಬಾರದು. ನೆನೆದ ಕುರಿಗಳಲ್ಲಿ ಕಾಲುಕೊಳೆತ, ನೀಲಿ ನಾಲಿಗೆ ರೋಗ, ಕರುಳುಬೇನೆ ಕಾಣಿಸಿಕೊಳ್ಳುವುದರಿಂದ ಪಶುವೈದ್ಯರ ಸಲಹೆಯಂತೆ ಮುಂಚಿತವಾಗಿ ಲಸಿಕೆ ಹಾಕಿಸಬೇಕು. ಕಣಿಕೆ ಮತ್ತು ಹೊಟ್ಟಿನ ಬಣವೆಗಳನ್ನು ಎತ್ತರದಲ್ಲಿ ಒಟ್ಟಿ ಮುಚ್ಚಬೇಕು. ಮೇವು ಹಾಳಾದರೆ ಮಳೆಯ ಹಾನಿ ಬೇಸಿಗೆಯಲ್ಲಿ ಮತ್ತೊಮ್ಮೆ ಕಾಡುತ್ತದೆ.

ಬೆಳೆ ವಿಮೆ ಮತ್ತು ಪರಿಹಾರ

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ರೈತರ ಪಾಲಿನ ವಿಮಾ ಕಂತು ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ಗರಿಷ್ಠ ಶೇ. 2, ಹಿಂಗಾರಿಗೆ ಶೇ. 1.5, ವಾರ್ಷಿಕ ವಾಣಿಜ್ಯ ಹಾಗೂ ತೋಟಗಾರಿಕೆ ಬೆಳೆಗಳಿಗೆ ಶೇ. 5. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆ, ಕೊಯ್ಲಿನ ನಂತರ 14 ದಿನಗಳೊಳಗೆ ಚಂಡಮಾರುತ, ಚಂಡಮಾರುತದ ಮಳೆ ಅಥವಾ ಅಕಾಲಿಕ ಮಳೆಯಿಂದ ಹಾಳಾದರೆ ವೈಯಕ್ತಿಕ ಮಟ್ಟದಲ್ಲಿ ಪರಿಹಾರಕ್ಕೆ ಅವಕಾಶವಿದೆ. ಇದಕ್ಕಾಗಿ ಹಾನಿಯಾದ 72 ಗಂಟೆಗಳೊಳಗೆ ವಿಮಾ ಸಂಸ್ಥೆ, ಬ್ಯಾಂಕ್ ಅಥವಾ ಕೃಷಿ ಇಲಾಖೆಗೆ ತಿಳಿಸುವುದು ಕಡ್ಡಾಯ. ಸರ್ವೆ ನಂಬರ್, ಬೆಳೆ, ಕೊಯ್ಲಿನ ದಿನ ಮತ್ತು ಹಾನಿಯ ಛಾಯಾಚಿತ್ರ ಸಿದ್ಧವಿರಲಿ. ಮಳೆ ನಿಂತ ಮೇಲೆ ಹೋದರಾಯಿತೆಂದು ಕಾದು ಕುಳಿತು ಈ ಗಡುವನ್ನು ಮೀರಿದ ರೈತರು ಕಡಿಮೆಯಿಲ್ಲ.

ವಿಮೆ ಮಾಡಿಸದವರಿಗೂ ವಿಪತ್ತು ಪರಿಹಾರ ನಿಧಿಯಿಂದ ನೆರವು ದೊರೆಯುತ್ತದೆ. ಬೆಳೆಹಾನಿ ಶೇ. 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. 2022ರಲ್ಲಿ ಪರಿಷ್ಕೃತವಾದ ಕೇಂದ್ರದ ಮಾನದಂಡದಂತೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ. ನಿಗದಿಯಾಗಿದ್ದು, ಗರಿಷ್ಠ 2 ಹೆಕ್ಟೇರಿಗೆ ಸೀಮಿತವಾಗಿದೆ. ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಹೊಲದಲ್ಲಿರುವ ಬೆಳೆಯೂ ಒಂದೇ ಆಗಿರುವಂತೆ ಹಂಗಾಮಿನ ಆರಂಭದಲ್ಲಿಯೇ ನೋಡಿಕೊಳ್ಳಬೇಕು.

ಸಮಾರೋಪ

ಸಮುದ್ರದ ಕುಸಿತಗಳು ಇಲ್ಲಿಗೆ ಹಾನಿಯನ್ನಷ್ಟೇ ತರುವುದಿಲ್ಲ. ಎರೆ ಭೂಮಿಯ ಹಿಂಗಾರಿ ಜೋಳ ಮತ್ತು ಕಡಲೆಗೆ ನೀರಾವರಿ ಇಲ್ಲ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಿಂದ ಮಣ್ಣಿನಲ್ಲಿ ಉಳಿದ ತೇವವೇ ಅವುಗಳ ಆಧಾರ. ಆ ಮಳೆಯ ಒಂದು ಪಾಲು ಬಂಗಾಳ ಕೊಲ್ಲಿಯ ಕುಸಿತಗಳಿಂದಲೇ ಬರುತ್ತದೆ. ಅವು ಒಂದೂ ಬಾರದ ವರ್ಷ ನಮಗೆ ಒಳ್ಳೆಯ ವರ್ಷವಲ್ಲ. ಆದುದರಿಂದ ಗುರಿ ಮಳೆಯನ್ನು ದೂಷಿಸುವುದಲ್ಲ, ಅದನ್ನು ಬರಮಾಡಿಕೊಳ್ಳುವ ಏರ್ಪಾಡು ಮಾಡುವುದು. ಇಳಿಜಾರಿಗೆ ಅಡ್ಡಲಾದ ಬಿತ್ತನೆ, ಚೌಕು ಮಡಿ, ದಿಂಡು ಸಾಲು, ಕೋಡಿಯುಳ್ಳ ಗಟ್ಟಿ ಬದು, ಹೊಲದ ತಗ್ಗಿನಲ್ಲಿ ಒಂದು ಕೃಷಿ ಹೊಂಡ ಇವಿಷ್ಟಿದ್ದರೆ ಹಾನಿ ಮಾಡಬೇಕಾದ ನೀರಿನ ಒಂದಂಶವಾದರೂ ಜನವರಿಯಲ್ಲಿ ಕಾಳು ಕಟ್ಟುವ ಬೆಳೆಗೆ ಒದಗುತ್ತದೆ.

ಮುಂದಿನ ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಕುಸಿತ ಉಂಟಾಗಿದೆ ಎಂಬ ಸುದ್ದಿ ಬಂದಾಗ ಅದಕ್ಕೆ ಹೆಸರಿದೆಯೇ ಎಂದು ಕೇಳಬೇಡಿ. ಅದು ಎತ್ತ ಹೊರಟಿದೆ, ಎಷ್ಟು ನಿಧಾನವಾಗಿ ಹೊರಟಿದೆ ಎಂದು ಕೇಳಿ. ಹೆಚ್ಚಿನ ಮಾಹಿತಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.